ಪರದೆ ಪಾಠ ಹೇಳುತ್ತದೆ, ತಪ್ಪು ತಿದ್ದುವವರು ಯಾರು?

52ರಲ್ಲಿ 27 ಕಳೆದರೆ ಎಷ್ಟು? ಸರಿ ಉತ್ತರ 25. ಆದರೆ ಮೂರನೇ ಕ್ಲಾಸಿನ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ಅವರು ಸುಮ್ನೆ ಏನೋ ಗೀಚಿರುವುದಿಲ್ಲ. ಅವರದ್ದೇ ಒಂದು ಲೆಕ್ಕ ಇರುತ್ತದೆ. ಬಿಡಿ ಸ್ಥಾನದಲ್ಲಿ ಮೇಲೆ ಎರಡು, ಕೆಳಗೆ ಏಳು. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲೇ ಎರಡು ಕಳೆದು ಐದು ಬರೆಯುತ್ತಾರೆ. ಆಮೇಲೆ ಐದರಲ್ಲಿ ಎರಡು ಹೋದರೆ ಮೂರು. ಉತ್ತರ 35.

ಇನ್ನೊಂದು ಮಗು ಬೇರೆ ದಾರಿಯಲ್ಲಿ ಬಂದು ಅದೇ 35 ಬರೆಯುತ್ತದೆ. ಅದು ದಶಕದಿಂದ ಒಂದು ಹತ್ತು ಕಡ ತಂದಿದೆ, ಹನ್ನೆರಡರಲ್ಲಿ ಏಳು ಕಳೆದು ಐದು ಅಂತ ಸರಿಯಾಗಿಯೇ ಬರೆದಿದೆ. ಆದರೆ ಕಡ ಕೊಟ್ಟ ಐದು ಈಗ ನಾಲ್ಕಾಗಿದೆ ಎನ್ನುವುದನ್ನು ಮರೆತಿದೆ. ಹೀಗೆ ಉತ್ತರ ಒಂದೇ ಆದರೂ ತಪ್ಪು ಎರಡು ಬಗೆಯದು. ಮೊದಲನೆಯ ಮಗುವಿಗೆ ಪಾಠವನ್ನೇ ಮತ್ತೆ ಹೇಳಬೇಕು. ಎರಡನೆಯದಕ್ಕೆ ಒಂದು ಮಾತು ಸಾಕು.

ಹಾವೇರಿ ಕಡೆಯ ಹಳ್ಳಿ ಶಾಲೆಯಲ್ಲಿ ಮಗು ಮತ್ತು ಅಕ್ಕೋರು, ಅಂದರೆ ಟೀಚರ್ ನಡುವೆ ಆ ಮಾತು ಹೀಗೆ ನಡೆಯುತ್ತದೆ. "ಅಕ್ಕೋರ, ಎರಡರಾಗ ಏಳು ಹೋಗಂಗಿಲ್ಲರಿ." "ಹೌದಲ್ಲ? ಮತ್ತ ಮಗ್ಗಲಿನ ಐದರ ಕಡೆ ಒಂದು ಹತ್ತು ಕಡ ಇಸ್ಕೋ. ಇಸ್ಕೊಂಡ ಮ್ಯಾಲ ಅದರ ಹತ್ರ ಎಷ್ಟು ಉಳೀತು?" ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ಆದರೆ ಅದಕ್ಕೆ ಅಕ್ಕೋರು ಆ ಸ್ಲೇಟಿನ ಹತ್ತಿರ ಬಂದು ನಿಲ್ಲಬೇಕು, ಎರಡರ ತಲೆ ಮೇಲೆ ಸಣ್ಣ ಒಂದು ಇದೆಯೋ ಇಲ್ಲವೋ ನೋಡಬೇಕು. ನಲವತ್ತು ಮಕ್ಕಳಿದ್ದರೆ ನಲವತ್ತು ಸಲ ಬಗ್ಗಿ ನೋಡಬೇಕು. ಶಿಕ್ಷಣದಲ್ಲಿ ಎಲ್ಲಕ್ಕಿಂತ ದುಬಾರಿ ಕೆಲಸ ಇದು.

ಡಿಜಿಟಲ್ ತಂತ್ರಜ್ಞಾನ ಶಿಕ್ಷಣವನ್ನು ಹೇಗೆ ಬದಲಿಸುತ್ತಿದೆ ಎಂಬ ಮಾತು ಬಂದಾಗಲೆಲ್ಲ ಒಂದು ಗೊಂದಲ ಆಗುತ್ತದೆ. ಕೆಲವರು ಇದನ್ನು ದೊಡ್ಡ ಕ್ರಾಂತಿ ಅಂತಾರೆ, ಕೆಲವರು ಮಕ್ಕಳು ಹಾಳಾದರು ಅಂತಾರೆ. ಶಾಲೆಯ ಕೆಲಸವನ್ನು ಬಿಡಿಸಿ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಶಾಲೆ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಪಾಠ ಮುಟ್ಟಿಸುವುದು, ತಪ್ಪು ತಿದ್ದುವುದು, ಲೆಕ್ಕ ಇಡುವುದು. ಡಿಜಿಟಲ್ ಬಂದ ಮೇಲೆ ಮೊದಲನೆಯದು ಬಹುತೇಕ ಪುಕ್ಕಟೆ ಆಗಿದೆ. ಮೂರನೆಯದು ವಿಪರೀತ ಬೆಳೆದಿದೆ. ನಡುವಿನದ್ದು ಮಾತ್ರ ಈಗೀಗ ಅಲುಗಾಡುತ್ತಿದೆ. ನನ್ನ ದೃಷ್ಟಿಯಲ್ಲಿ ಗಮನ ಇಡಬೇಕಾದದ್ದು ಆ ನಡುವಿನ ಕೆಲಸದ ಮೇಲೆ.

ಮೊದಲು ಪಾಠ ಮುಟ್ಟಿಸುವ ಮಾತು. ನಮ್ಮ ಭಾಗಕ್ಕೆ ಇದು ಹೊಸದೇನಲ್ಲ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿಯಲ್ಲಿ. ರೇಡಿಯೋದಲ್ಲಿ ಬರುತ್ತಿದ್ದ 'ಕೇಳಿ ಕಲಿ' ಪಾಠ ಕೇಳಿ ಬೆಳೆದವರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಎರವಲು ಪಡೆದು ದೇಶದ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಪಕ್ಕದ ವಿಜಯಪುರ, ಕಲಬುರ್ಗಿ, ರಾಯಚೂರು ಕಡೆಯ ಹಳ್ಳಿಗಳನ್ನೇ. 2004ರಲ್ಲಿ ಶಿಕ್ಷಣಕ್ಕೆಂದೇ ಇಸ್ರೋ ಎಜುಸ್ಯಾಟ್ ಹಾರಿಸಿತು, ಅದರ ಪ್ರಯೋಗ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ನಡೆಯಿತು. ಪ್ರತಿ ಸಲವೂ ಇನ್ನೇನು ಎಲ್ಲ ಬದಲಾಗಿಬಿಡುತ್ತದೆ ಎಂಬ ಮಾತು ಕೇಳಿಬಂತು.

ಈ ಸಲ ನಿಜಕ್ಕೂ ಬದಲಾದದ್ದು ಏನು? ಮೊದಲನೆಯದು ಬೆಲೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಇದರ ಗಾತ್ರ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕನ್ನಡದ ಒಂದು ಪುಟದಲ್ಲಿ ಸುಮಾರು 2000 ಅಕ್ಷರ ಸಂಕೇತಗಳಿದ್ದರೆ, ಒಂದೊಂದಕ್ಕೆ ಮೂರು ಬೈಟ್‌ನಂತೆ ಅದು 6 ಕಿಲೋಬೈಟ್ ಆಗುತ್ತದೆ. ಒಂದು ಗಂಟೆಯ ಮಾತನ್ನು ಸಾಧಾರಣ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಕಳಿಸಿದರೆ 29 ಮೆಗಾಬೈಟ್ ಬೇಕು. ಅದೇ ಒಂದು ಗಂಟೆಯ ವಿಡಿಯೋಗೆ ನೂರಾರು ಮೆಗಾಬೈಟ್. ಮೊದಲು ರೇಡಿಯೋ ಕೇಂದ್ರ, ಉಪಗ್ರಹ ಬೇಕಿದ್ದ ಕೆಲಸ ಈಗ ಕಿಸೆಯ ಫೋನಿನಲ್ಲಿ ಆಗುತ್ತದೆ. ಆದರೆ ನೆಟ್‌ವರ್ಕ್ ಸರಿಯಿಲ್ಲದ ಊರಿಗೆ ವಿಡಿಯೋಗಿಂತ ಆಡಿಯೋ, ಆಡಿಯೋಗಿಂತ ಬರಹ ಎಷ್ಟೋ ಪಾಲು ಹಗುರ. ಇದು ಗೊತ್ತಿದ್ದೂ ಎಲ್ಲವನ್ನೂ ವಿಡಿಯೋ ಮಾಡಿಯೇ ಕಳಿಸುತ್ತೇವೆ. ಇದನ್ನು ಸರಿಪಡಿಸಲು ದುಡ್ಡು ಬೇಕಿಲ್ಲ, ಸ್ವಲ್ಪ ಯೋಚನೆ ಸಾಕು.

ಎರಡನೆಯದು ಹುಡುಕುವ ಅನುಕೂಲ. ನಮ್ಮ ಪಠ್ಯಪುಸ್ತಕದ ಪಾಠಗಳ ಪಕ್ಕದಲ್ಲಿ ಕಪ್ಪು ಬಿಳಿ ಚೌಕಳಿ ಇರುತ್ತದಲ್ಲ, ಆ ಕ್ಯೂಆರ್ ಕೋಡ್ ನೋಡಿ. ಅದರ ಕೆಳಗೆ ಆರು ಅಕ್ಷರಗಳ ಒಂದು ಸಂಕೇತ ಇರುತ್ತದೆ. ಆ ಚೌಕಳಿಯೊಳಗೆ ಪಾಠ ಇಲ್ಲ, ಪಾಠದ ವಿಳಾಸ ಮಾತ್ರ ಇದೆ. ಪಾಠ ಇರುವುದು 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ವೇದಿಕೆಯಲ್ಲಿ. ಹಾಗಾಗಿ ಪುಸ್ತಕ ಮತ್ತೆ ಅಚ್ಚು ಹಾಕದೆಯೇ ಕೋಡ್‌ನ ಹಿಂದಿರುವ ಪಾಠವನ್ನು ಬದಲಿಸಬಹುದು, ಒಳ್ಳೆಯದನ್ನು ಸೇರಿಸಬಹುದು. ಆ್ಯಪ್‌ನಲ್ಲಿ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು. ಸಂಜೆ ಅಪ್ಪ ಹೊಲದಿಂದಲೋ ಬ್ಯಾಡಗಿ ಮಾರ್ಕೆಟ್ಟಿನಿಂದಲೋ ಫೋನ್ ಸಮೇತ ಮನೆಗೆ ಬಂದ ಮೇಲೆಯೇ ಓದುವ ಮಗುವಿಗೆ ಇದು ದೊಡ್ಡ ಅನುಕೂಲ.

ಪಾಠ ಮುಟ್ಟುವುದೇ ದೊಡ್ಡ ಬದಲಾವಣೆ ಆಗುವವರೂ ಇದ್ದಾರೆ. ಕಣ್ಣು ಕಾಣದ ವಿದ್ಯಾರ್ಥಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ನಾಡಿನಲ್ಲೆಲ್ಲ ಹೆಸರಾದ ಜಾಗ. ಅಲ್ಲಿ ವಿದ್ಯೆ ಕಿವಿಯಿಂದ ಕಿವಿಗೆ ಹರಿದು ಬಂತು. ಆದರೆ ಇತಿಹಾಸ, ಅರ್ಥಶಾಸ್ತ್ರದ ಪುಸ್ತಕವನ್ನು ಕಾಣದವರಿಗೆ ಯಾರಾದರೂ ಓದಿ ಹೇಳಬೇಕಿತ್ತು. ಈಗ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಿವೆ, ಕೆಲವು ಪುಕ್ಕಟೆ ಸಿಗುತ್ತವೆ. ಒಂದೇ ಷರತ್ತು, ಬರಹ ಯೂನಿಕೋಡ್‌ನಲ್ಲಿರಬೇಕು, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿಯಲ್ಲಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್‌ನಲ್ಲಂತೂ ಅಕ್ಷರವೇ ಇರುವುದಿಲ್ಲ, ಬರೀ ಚಿತ್ರ. ಎರಡನ್ನೂ ಆ ತಂತ್ರಾಂಶ ಹಾಗೇ ಓದಲಾರದು. ನೀವು ನೋಟ್ಸ್ ಹಂಚುವ ಶಿಕ್ಷಕರಾಗಿದ್ದರೆ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ನಿಮ್ಮ ಗುಂಪಿನಲ್ಲಿ ಕಣ್ಣು ಕಾಣದ ಒಬ್ಬನೇ ಹುಡುಗನಿದ್ದರೂ ಅವನಿಗೆ ಆ ದಿನ ಯಾರ ಹಂಗೂ ಬೇಕಾಗುವುದಿಲ್ಲ.

ಇನ್ನು ಎರಡನೆಯ ಕೆಲಸ, ತಿದ್ದುವುದು. ಪಾಠ ಮುಟ್ಟುವುದಕ್ಕೂ ತಿದ್ದುವುದಕ್ಕೂ ಇರುವ ದೂರ ಗೊತ್ತಾಗಬೇಕಾದರೆ ನಮ್ಮ ಮಣ್ಣಿನ ಸಂಗೀತಗಾರರ ಕಡೆ ನೋಡಬೇಕು. ಗದಗಿನ ಹುಡುಗ ಭೀಮಸೇನ ಜೋಶಿ ಕೇಳಿದ್ದು ಅಬ್ದುಲ್ ಕರೀಂ ಖಾನ್ ಅವರ ಗ್ರಾಮಫೋನ್ ರೆಕಾರ್ಡು. ಅದು ಆ ಕಾಲದ ಹೊಸ ತಂತ್ರಜ್ಞಾನ. ಆ ದನಿ ಹುಡುಗನಿಗೆ ಹುಚ್ಚು ಹಿಡಿಸಿತು. ಹಾಗೆ ಹಾಡಬೇಕು ಅಂತ 1933ರಲ್ಲಿ ಮನೆ ಬಿಟ್ಟು ಹೋದರು. ಹೋದದ್ದು ಇನ್ನಷ್ಟು ರೆಕಾರ್ಡು ಹುಡುಕಿಕೊಂಡಲ್ಲ, ಗುರುವನ್ನು ಹುಡುಕಿಕೊಂಡು. ಗ್ವಾಲಿಯರ್, ಜಲಂಧರ್ ಎಂದೆಲ್ಲ ಉತ್ತರ ಭಾರತ ಅಲೆದು ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಗಂಗೂಬಾಯಿ ಹಾನಗಲ್ ಕೂಡ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಕುಂದಗೋಳಕ್ಕೆ ಹೋಗಿ ಕಲಿತವರು. ರೆಕಾರ್ಡು ನೂರು ಸಲ ಅದೇ ಸ್ವರ ಹಾಡುತ್ತದೆ. ನೀವು ಹಾಡಿದ್ದನ್ನು ಒಂದು ಸಲವೂ ಕೇಳಿಸಿಕೊಳ್ಳುವುದಿಲ್ಲ. ಇವತ್ತಿನ ವಿಡಿಯೋ ಪಾಠದ ಶಕ್ತಿಯೂ ಮಿತಿಯೂ ಅಷ್ಟೇ. ಆಸೆ ಹುಟ್ಟಿಸುವ ಶಕ್ತಿ ಸಣ್ಣದೇನಲ್ಲ, ಆ ರೆಕಾರ್ಡು ಇಲ್ಲದಿದ್ದರೆ ಆ ಹುಡುಗ ಊರು ಬಿಡುತ್ತಿದ್ದನೋ ಇಲ್ಲವೋ.

ಇದನ್ನು ಅಂಕಿ ಅಂಶ ಹಿಡಿದು ನೋಡಿದವರೂ ಇದ್ದಾರೆ. ಪೆರು ದೇಶದಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳಲ್ಲಿ ಅಧ್ಯಯನ ನಡೆಯಿತು. 15 ತಿಂಗಳ ನಂತರ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಗಮನಕ್ಕೆ ಬರುವಂಥ ಸುಧಾರಣೆ ಇರಲಿಲ್ಲ. ಮಕ್ಕಳ ಕೈಗೆ ಯಂತ್ರ ಬಂದಿತ್ತು, ಅವರ ತಪ್ಪನ್ನು ನೋಡುವವರು ಮಾತ್ರ ಮೊದಲು ಇದ್ದಷ್ಟೇ ಇದ್ದರು.

ದೆಹಲಿಯಲ್ಲಿ ನಡೆದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂಡ್ರೋ ಗಾನಿಮಿಯನ್ ಎಂಬ ಸಂಶೋಧಕರು ಮಾಡಿದ್ದು. ಶಾಲೆ ಮುಗಿದ ಮೇಲೆ ಮಕ್ಕಳು ಒಂದು ಕೇಂದ್ರಕ್ಕೆ ಬಂದು ಒಂದೂವರೆ ಗಂಟೆ ಕಲಿಯುತ್ತಿದ್ದರು. ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಜೊತೆ. ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿನ ಇನ್ನೊಂದು ಸಂಗತಿ. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ವರ್ಷ ಹಿಂದಿತ್ತು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಅಂತರ ನಾಲ್ಕೂವರೆ ವರ್ಷ ಆಗಿತ್ತು. ಅಂದರೆ ಶಿಕ್ಷಕರು ಬೀಜಗಣಿತ ಹೇಳುತ್ತಿರುವಾಗ ಮಗು ಇನ್ನೂ ಭಾಗಾಕಾರದ ಹತ್ತಿರ ನಿಂತಿರುತ್ತದೆ. ಆ ಕಂಪ್ಯೂಟರ್ ಮಾಡಿದ್ದು ಇಷ್ಟೇ. ಮಗು ನಿಂತ ಜಾಗ ಪತ್ತೆ ಮಾಡಿ ಅಲ್ಲಿಂದಲೇ ಪಾಠ ಶುರು ಮಾಡಿತು.

ಕಂಪ್ಯೂಟರಿಗೆ ಆ ಜಾಗ ಗೊತ್ತಾಗುವುದು ಹೇಗೆ? ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲ. ಕೇಳುವ ಪ್ರಶ್ನೆಯಲ್ಲೇ ಎಲ್ಲ ಇದೆ. 52ರಲ್ಲಿ 27 ಎಂದು ಕೇಳಿ, ಉತ್ತರಕ್ಕೆ 25, 35, 79 ಎಂದು ಆಯ್ಕೆ ಕೊಟ್ಟೆವು ಅನ್ನಿ. 79 ಒತ್ತಿದ ಮಗು ಕೂಡಿಸಿದೆ, ಚಿಹ್ನೆ ನೋಡಿಲ್ಲ. 35 ಒತ್ತಿದರೆ? ಮೊದಲೇ ನೋಡಿದ ಹಾಗೆ ಅದಕ್ಕೆ ಎರಡು ದಾರಿ. ಯಂತ್ರಕ್ಕೆ ಸ್ಲೇಟು ಕಾಣದು, ಯಾವ ದಾರಿ ಎಂದು ತಿಳಿಯದು. ಹಾಗಾಗಿ ಜಾಣ ಪ್ರಶ್ನೆಗಾರ 52ರ ಬದಲು 53ರಲ್ಲಿ 27 ಎಂದು ಕೇಳುತ್ತಾನೆ. ಸರಿ ಉತ್ತರ 26. ತಿರುಗಿಸಿ ಕಳೆದ ಮಗು 34 ಅನ್ನುತ್ತದೆ. ಕಡ ತಂದು ಮರೆತ ಮಗು 36 ಅನ್ನುತ್ತದೆ. ಒಂದೇ ಒಂದು ಅಂಕೆ ಬದಲಿಸಿದ್ದಕ್ಕೆ ಎರಡು ತಪ್ಪು ಬೇರೆಬೇರೆಯಾಗಿ ಕಾಣಿಸಿದವು. 34 ಬಂದರೆ ದಶಕದ ಪಾಠಕ್ಕೆ ಕಳಿಸು, 36 ಬಂದರೆ ಅದೇ ಥರದ ಇನ್ನೆರಡು ಲೆಕ್ಕ ಕೊಡು ಎಂದು ತಂತ್ರಾಂಶಕ್ಕೆ ಹೇಳಿಟ್ಟರೆ ಮುಗಿಯಿತು. ಸಾವಿರಾರು ಇಂಥ ಪ್ರಶ್ನೆಗಳನ್ನು ಒಂದಕ್ಕೊಂದು ಹೆಣೆದದ್ದೇ ಒಳ್ಳೆಯ ಕಲಿಕಾ ತಂತ್ರಾಂಶ. ಅದರ ಹಿಂದಿರುವ ಬುದ್ಧಿ ತಪ್ಪುಗಳನ್ನು ವರ್ಷಗಟ್ಟಲೆ ನೋಡಿದ ಶಿಕ್ಷಕರದ್ದು. ಯಂತ್ರ ಅದನ್ನು ದಣಿಯದೆ ಎಲ್ಲರಿಗೂ ಬಡಿಸುತ್ತದೆ. ಪ್ರಶ್ನೆ ಹಾಕಿದವರಿಗೆ ಮಕ್ಕಳ ತಪ್ಪುಗಳ ಪರಿಚಯ ಇಲ್ಲದಿದ್ದರೆ ಎಷ್ಟು ಬಣ್ಣದ ಗೊಂಬೆ ಕುಣಿಸಿದರೂ ಅದು ಬರೀ ಪರದೆ ಮೇಲಿನ ಗೈಡು.

ಕೊರೊನಾ ಕಾಲದಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಅನುಭವಕ್ಕೆ ಬಂತು. 2020ರಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬಂತು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಿಡಿಯೋ ಬಂತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಸರ್ಕಾರಿ ಶಾಲೆಯ ಶಿಕ್ಷಕರೇ ಊರೊಳಗೆ ಹೋಗಿ ಗುಡಿ ಕಟ್ಟೆ, ಮರದ ನೆರಳಿನಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ಕೂತರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮಕ್ಕಳ ಎದುರು ಕೂತು ಅವರ ಪಟ್ಟಿ, ಅಂದರೆ ನೋಟ್‌ಬುಕ್ ತಿರುವಿ ನೋಡುವ ಅವಕಾಶ ಸಿಕ್ಕಿದ್ದು ಆ ಕಟ್ಟೆಗಳ ಮೇಲೆ. ಆಮೇಲೆ 2022-23ರಲ್ಲಿ ಬಿಟ್ಟುಹೋದದ್ದನ್ನು ತುಂಬಲು 'ಕಲಿಕಾ ಚೇತರಿಕೆ' ಕಾರ್ಯಕ್ರಮವನ್ನೇ ಮಾಡಬೇಕಾಯಿತು.

ದೊಡ್ಡವರ ಓದಿನಲ್ಲೂ ಇದೇ ಕಥೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಎಂಬ ವಿಡಿಯೋ ಪಾಠಗಳು ಪುಕ್ಕಟೆ. ಧಾರವಾಡಕ್ಕೆ ಐಐಟಿ ಬಂದದ್ದು 2016ರಲ್ಲಿ, ಆದರೆ ಐಐಟಿ ಪ್ರಾಧ್ಯಾಪಕರ ಪಾಠ ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅದಕ್ಕಿಂತ ಮೊದಲೇ ಸಿಗುತ್ತಿತ್ತು. ಇಂಥ ಕೋರ್ಸುಗಳಿಗೆ ಸೇರುವವರು ಜಾಸ್ತಿ, ಮುಗಿಸುವವರು ಕಡಿಮೆ. ಜಗತ್ತಿನ ಎಲ್ಲ ಕಡೆಯೂ ಹೀಗೇ.

ಧಾರವಾಡದ ಸಪ್ತಾಪುರದ ಕಡೆ ಒಮ್ಮೆ ನಡೆದು ಬನ್ನಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರು ಹಾವೇರಿ, ಗದಗ, ವಿಜಯಪುರ, ಬೆಳಗಾವಿಯ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡಿದ್ದಾರೆ. ಪಾಠಗಳೆಲ್ಲ ಯೂಟ್ಯೂಬಿನಲ್ಲಿವೆ, ನೋಟ್ಸ್ ಟೆಲಿಗ್ರಾಂನಲ್ಲಿ ಸಿಗುತ್ತದೆ. ಹಾಗಿದ್ದರೆ ಊರಲ್ಲೇ ಕೂತು ಓದಬಹುದಿತ್ತಲ್ಲ? ಯಾಕೆ ಬರುತ್ತಾರೆ ಅಂದರೆ ರೀಡಿಂಗ್ ರೂಮಿನಲ್ಲಿ ಪಕ್ಕದ ಕುರ್ಚಿಯವನು ಏಳದಿದ್ದರೆ ತಾವೂ ಏಳುವುದಿಲ್ಲ. ಟೆಸ್ಟ್ ಮುಗಿಸಿ ಚಹಾ ಅಂಗಡಿ ಮುಂದೆ ನಿಂತಾಗ "ಆ ಪ್ರಶ್ನೆಗೆ ನೀ ಏನ್ ಹಾಕಿದಿ?" ಎಂದು ಶುರುವಾಗುವ ಜಗಳದಲ್ಲಿ ಅರ್ಧ ಸಿಲೆಬಸ್ ತಿದ್ದಿಕೊಂಡು ಹೋಗುತ್ತದೆ. ವಿಡಿಯೋ ಅವರಿಗೆ ಕೋಚಿಂಗ್ ಫೀ ಉಳಿಸಿರಬಹುದು, ರೂಮಿನ ಬಾಡಿಗೆ ಉಳಿಸಿಲ್ಲ.

ಮೂರನೆಯ ಕೆಲಸ ಲೆಕ್ಕ ಇಡುವುದು. ಇದರ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಶಿಕ್ಷಕರಿಗೆ ದಿನಾ ಇದೇ ಪಾಡು. ಕರ್ನಾಟಕದ ಪ್ರತಿ ಶಾಲಾ ವಿದ್ಯಾರ್ಥಿಗೂ ಸ್ಯಾಟ್ಸ್ ಎಂಬ ರಾಜ್ಯದ ಆನ್‌ಲೈನ್ ದಾಖಲೆಯ ಸಂಖ್ಯೆ ಇದೆ. ಅದರ ಜೊತೆಗೆ ಶಾಲೆಗಳ ಮಾಹಿತಿ ಸೇರಿಸುವ ಕೇಂದ್ರದ ಯುಡೈಸ್, ಈಚೆಗೆ ಪ್ರತಿ ವಿದ್ಯಾರ್ಥಿಯ ಗುರುತಿಗೆ 12 ಅಂಕಿಯ ಅಪಾರ್ ಐಡಿ. ಇದರಿಂದ ಲಾಭವಿದೆ. ಮಗು ಶಿರಹಟ್ಟಿಯಿಂದ ಹುಬ್ಬಳ್ಳಿಗೆ ಶಾಲೆ ಬದಲಿಸಿದರೆ ದಾಖಲೆ ಜೊತೆಗೇ ಬರುತ್ತದೆ, ಎಲ್ಲೂ ಸೇರದೆ ಉಳಿದ ಮಗು ಕಣ್ಣಿಗೆ ಬೀಳುತ್ತದೆ. ಆದರೆ ತುಂಬಿದ ಮಾಹಿತಿ ಮೇಲಕ್ಕೆ ಹೋಗುತ್ತದೆಯೇ ಹೊರತು, ನಾಳೆಯ ಪಾಠಕ್ಕೆ ಉಪಯೋಗವಾಗುವ ಹಾಗೆ ಕೆಳಕ್ಕೆ ಬರುವುದು ಅಪರೂಪ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮಾಹಿತಿ ತುಂಬುತ್ತಾ, ಗುಂಪಿಗೆ ಫೋಟೋ ಹಾಕುತ್ತಾ ಕೂತರೆ ಸ್ಲೇಟು ನೋಡುವ ಕಣ್ಣು ಎರಡು ಕಡಿಮೆಯಾದವು ಅಂತಲೇ ಅರ್ಥ. ಶಿಕ್ಷಕರ ಈ ದೂರು ನ್ಯಾಯವಾದದ್ದು.

ಲೆಕ್ಕ ಇಡುವ ತಂತ್ರಜ್ಞಾನದ ಇನ್ನೊಂದು ಮುಖ ಪರೀಕ್ಷೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಕಾರಣ ಕ್ಯಾಮೆರಾ ಒಂದೇ ಎನ್ನಲಾಗದು, ಆದರೆ ದೊಡ್ಡ ಪಾಲು ಅದರದ್ದೇ ಎಂದು ಆಗ ಎಲ್ಲರೂ ಮಾತಾಡಿಕೊಂಡರು. ಕ್ಯಾಮೆರಾ ಯಾರಿಗೂ ಏನೂ ಕಲಿಸಲಿಲ್ಲ. ಇಷ್ಟು ದಿನ ಮುಚ್ಚಿಟ್ಟ ತಪ್ಪನ್ನು ಬಯಲಿಗಿಟ್ಟಿತು. ಅದು ಒಳ್ಳೆಯದೇ. ಆದರೆ ಹತ್ತನೇ ಕ್ಲಾಸಿನ ಕೊನೆಗೆ ಕಾಣಿಸಿದ ತಪ್ಪನ್ನು ಆ ಮಗುವಿನ ಪಾಲಿಗೆ ಯಾವಾಗ ತಿದ್ದುವುದು? ಮೂರನೇ ಕ್ಲಾಸಿನಲ್ಲಿ ಕಂಡಿದ್ದರೆ ಅರ್ಧ ನಿಮಿಷ ಸಾಕಿತ್ತು.

ಇತ್ತೀಚಿನ ಸಂಗತಿ ಎಐ. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು, ಈಗ ಲೆಕ್ಕದ ಫೋಟೋ ಹೊಡೆದರೆ ಪೂರ್ತಿ ಉತ್ತರ ಬರುವ ಕಾಲ ಬಂದಿದೆ. ಇದು ಕೆಲಸ ಮಾಡುವ ಬಗೆ ಸರಳವಾಗಿ ಹೇಳುವುದಾದರೆ, ಕೋಟಿಗಟ್ಟಲೆ ಪುಟಗಳ ಬರಹದಿಂದ ಯಾವ ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಕಲಿತು, ಅದರ ಮೇಲೆ ಉತ್ತರ ಕಟ್ಟುತ್ತಾ ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ಬರಹ ರಾಶಿ ಇದೆ, ಕನ್ನಡದ್ದು ಕಡಿಮೆ. ಹಾಗಾಗಿ ಕನ್ನಡದಲ್ಲಿ ಕೇಳಿದರೆ ಎಡವುವುದು ಜಾಸ್ತಿ. ಎಡವಿದಾಗಲೂ ದನಿ ಮಾತ್ರ ಅಷ್ಟೇ ಗಟ್ಟಿ. ಕನ್ನಡ ಮಾಧ್ಯಮದ ಮಗು ಇದನ್ನು ತಿಳಿದಿರಲೇಬೇಕು.

ಆದರೆ ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಕಡೆ. ಮಗು ತಪ್ಪು ಮಾಡುವ ಮೊದಲೇ ಸರಿ ಉತ್ತರ ಕೈಗೆ ಬಂದರೆ ಆ ತಪ್ಪು ಹುಟ್ಟುವುದೇ ಇಲ್ಲ. ಹುಟ್ಟದ ತಪ್ಪನ್ನು ಯಾವ ಅಕ್ಕೋರೂ ನೋಡಲಾರರು, ಯಾವ ತಂತ್ರಾಂಶವೂ ಹಿಡಿಯಲಾರದು. ಹೋಂವರ್ಕ್ ಪಟ್ಟಿ ಚೊಕ್ಕವಾಗಿರುತ್ತದೆ, ದಶಕದ ತಿಳಿವಳಿಕೆ ಇದ್ದಲ್ಲೇ ಇರುತ್ತದೆ. ಇದೇ ಯಂತ್ರವನ್ನು ತಿರುಗಿಸಿಯೂ ಬಳಸಬಹುದು. "ಉತ್ತರ ಹೇಳಬೇಡ, ನಾನು ಮಾಡಿದ್ದರಲ್ಲಿ ಎಲ್ಲಿ ಎಡವಿದೆ ಅಂತ ಸುಳಿವು ಕೊಡು" ಎಂದು ಕೇಳಿದರೆ ಅದು ಸುಮಾರು ಮಟ್ಟಿಗೆ ಹಾಗೇ ಮಾಡುತ್ತದೆ. ಹೀಗೆ ಕೇಳಲು ಕಲಿಸುವುದು ಈಗ ಹೈಸ್ಕೂಲಿನ ಪಾಠ ಆಗಬೇಕು. ಬರೀ ಬೇಡ ಅಂದರೆ ಮಕ್ಕಳು ಬಿಡುವುದಿಲ್ಲ. 2024ರ ಅಸರ್ ಎಂಬ ಶಿಕ್ಷಣ ಸಮೀಕ್ಷೆ ಹೇಳುವಂತೆ ದೇಶದ ಹಳ್ಳಿಗಳಲ್ಲಿ 14ರಿಂದ 16ರ ವಯಸ್ಸಿನ ಶೇ 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಓದಿಗೆ ಬಳಸುವ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈಗಾಗಲೇ ಇದ್ದಾರೆ ಅನ್ನುವುದನ್ನೂ ಮರೆಯಬಾರದು.

ಹೀಗಾಗಿ ನಿಮ್ಮೂರ ಶಾಲೆಗೆ ಯಾರೋ ಸ್ಮಾರ್ಟ್ ಬೋರ್ಡ್ ದಾನ ಕೊಡುತ್ತೇವೆ ಎಂದು ಬಂದಾಗ, ಅಥವಾ ಮನೆಗೆ ಬಂದ ಮಾರಾಟಗಾರ ವರ್ಷದ ಫೀ ಕಟ್ಟಿ ಆ್ಯಪ್ ತಗೊಳ್ಳಿ ಎಂದಾಗ ಪರದೆಯ ಅಳತೆ, ವಿಡಿಯೋಗಳ ಸಂಖ್ಯೆ ಕೇಳಬೇಡಿ. ಮಗು ತಪ್ಪು ಮಾಡಿದರೆ ಇದಕ್ಕೆ ಹೇಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಏನು ಮಾಡುತ್ತದೆ, ಆ ವಿಷಯ ಶಿಕ್ಷಕರಿಗೆ ಯಾವಾಗ ತಲುಪುತ್ತದೆ ಎಂದು ಕೇಳಿ. ಅಲ್ಲೇ ಒಂದು ತಪ್ಪು ಉತ್ತರ ಒತ್ತಿ ತೋರಿಸಲು ಹೇಳಿ. "ತಪ್ಪು, ಮತ್ತೆ ಪ್ರಯತ್ನಿಸಿ" ಎಂದಷ್ಟೇ ಬಂದರೆ ಆ ದುಡ್ಡನ್ನು ಶಾಲೆಗೆ ಒಬ್ಬ ಅತಿಥಿ ಶಿಕ್ಷಕರ ಗೌರವಧನಕ್ಕೆ ಹಾಕುವುದು ವಾಸಿ.

ಇನ್ನೊಂದು ಜಾಗ ನಮ್ಮ ಕಣ್ಣೆದುರೇ ಇದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿದೆ. ಮನೆಯಲ್ಲಿ ಫೋನ್ ಸಿಗದ ಮಗುವಿಗೆ, ಅದರಲ್ಲೂ ಅಣ್ಣನ ಸರದಿ ಮುಗಿದ ಮೇಲೆ ಫೋನ್ ಸಿಗುವ ಹೆಣ್ಣುಮಗುವಿಗೆ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಸಂಜೆ ಒಂದು ಗಂಟೆ ಊರಿನ ಪಿಯುಸಿ, ಡಿಗ್ರಿ ಹುಡುಗರು ಯಾರಾದರೂ ಕೂತು ಮಕ್ಕಳ ಪಟ್ಟಿ ನೋಡಿದರೆ ದೆಹಲಿಯ ಆ ಕೇಂದ್ರದಲ್ಲಿ ನಡೆದದ್ದರ ಅರ್ಧ ಭಾಗ ಆಗಿಹೋಗುತ್ತದೆ. ಇನ್ನರ್ಧಕ್ಕೆ ಕಂಪ್ಯೂಟರ್ ಅಲ್ಲೇ ಇದೆ. ಪಂಚಾಯ್ತಿ ಸಭೆಯಲ್ಲಿ ಯಾರಾದರೊಬ್ಬರು ಎದ್ದು ಇದನ್ನು ಕೇಳಬೇಕಷ್ಟೇ.